ಫ್ಲೆಕ್ಸ್ ಬದಲಾಯಿಸಬೇಡಿ

ಬಾಪೂಜಿ ನಗರ

ಫುಟ್‌ಬಾಲ್ ಸಂಘದ ಕಾರ್ಯದರ್ಶಿ ಭೈರೇಶ್ ಅವರಿಗೆ ಲಕ್ಷ್ಮಿದೇವಮ್ಮನ ನಮಸ್ಕಾರ.

ನಮ್ಮ ಯಜಮಾನರ ಶ್ರದ್ಧಾಂಜಲಿ ಫ್ಲೆಕ್ಸ್ ಬದಲಾಯಿಸುವುದಾಗಿ ಹೇಳಿ ಕಳಿಸಿದ್ದೀರಿ. ಬೇಡ. ಅಂಗಡಿಯವನು ಅವರ ಮುಖವನ್ನು ಕೆಂಪು ಜೆರ್ಸಿ ತೊಟ್ಟ ಯಾರದೋ ಮೈಗೆ ಅಂಟಿಸಿದ್ದು ತಪ್ಪೇ. ಆಡಿದಷ್ಟು ದಿನವೂ ನಮ್ಮ ಸಂಘದ ನೀಲಿ ಬಿಟ್ಟು ಬೇರೆ ತೊಡದವರು ಅವರು. ಮೂಡಲಪಾಳ್ಯದ ಕೆಂಪು ತಂಡದ ಕ್ಯಾಪ್ಟನ್ ಆಗಿದ್ದ ಹನುಮಂತಯ್ಯನವರು ಪ್ರತಿ ವರ್ಷ ಮನೆಗೆ ಬಂದು, ತಮ್ಮ ತಂಡಕ್ಕೆ ಕರೆದು, ಕಾಫಿ ಕುಡಿದು ಬರಿಗೈಯಲ್ಲಿ ಹೋಗುತ್ತಿದ್ದರು.

ನಿನ್ನೆ ಅದೇ ಹನುಮಂತಯ್ಯನವರು ನೀಲಿ ಪೇಂಟ್ ತಂದು, ಸ್ಟೂಲ್ ಹತ್ತಿ ಆ ಜೆರ್ಸಿಗೆ ಬಳಿದರು. "ಬದುಕಿದ್ದಾಗ ಒಪ್ಲಿಲ್ಲ ಕಣಮ್ಮ. ಈಗ ನಮ್ಮ ಜೆರ್ಸಿ ಹಾಕ್ಸಿದ್ರೆ ಮೋಸ ಆಗುತ್ತೆ" ಎಂದರು.

ಬಣ್ಣ ಯಜಮಾನರ ಗಲ್ಲಕ್ಕೂ ತಾಗಿದೆ, ಇರಲಿ. ತಿಥಿ ಊಟಕ್ಕೆ ಹನುಮಂತಯ್ಯನವರನ್ನು ನಮ್ಮ ತಂಡದವರ ಸಾಲಿನಲ್ಲೇ ಕೂರಿಸಿ.

ಇಂತಿ,
ಲಕ್ಷ್ಮಿದೇವಮ್ಮ