ಓದುವವರ ಬೀದಿಯ ಮನೆ

ಮಂಗಳವಾರ, ಮಾರ್ಚ್ ೧೧

ಅಣ್ಣನಿಗೆ,

ಕ್ಷೇಮ ಕೇಳುವ ಮನಸ್ಸಿಲ್ಲ. ಕೇಳದೆಯೇ ಶುರು ಮಾಡುತ್ತೇನೆ.

ನಿನ್ನೆ ನೀನು ಮನೆಗೆ ಬಂದದ್ದು ಮಗನಾಗಿ ಅಲ್ಲ, ವಿಶ್ವವಿದ್ಯಾಲಯದ ವಾಸ್ತುಶಿಲ್ಪಿಯಾಗಿ. ಅಮ್ಮ ಕೂರು ಅಂದರೂ ಕೂರಲಿಲ್ಲ. ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಹೊಸ ಪ್ರಯೋಗಾಲಯಕ್ಕಾಗಿ ನಮ್ಮ ಸಾಲಿನ ಮನೆಗಳೆಲ್ಲ ಹೋಗಬೇಕು ಎಂದೆ. ಅವಳು ಬಾಯಿ ತೆರೆಯುವ ಮೊದಲೇ, "ವಿಶ್ವವಿದ್ಯಾಲಯ ಇಲ್ದಿದ್ರೆ ಈ ಊರೇ ಇರ್ತಿರ್ಲಿಲ್ಲಮ್ಮ" ಎಂದು ಪಾಠ ಒಪ್ಪಿಸಿದೆ.

ಯಾರು ಇಲ್ಲ ಅಂದರು? ಮೊದಲು ಇಲ್ಲಿದ್ದದ್ದು ಹೊಳೆ, ದೋಣಿಗಟ್ಟೆ, ಅಷ್ಟೇ. ನಿನ್ನ ವಿಶ್ವವಿದ್ಯಾಲಯ ಬರೀ ಕಾಲೇಜಾಗಿ ಬಂತು, ಅದರ ಬೆನ್ನಿಗೇ ಮುದ್ರಣಾಲಯ, ಕಾಗದದಂಗಡಿ, ಆಸ್ಪತ್ರೆ. ಕಾಲೇಜಿನ ಗ್ರಂಥಾಲಯದ ಗೋಪುರಕ್ಕಿಂತ ಎತ್ತರ ಯಾರೂ ಕಟ್ಟಬಾರದು ಎಂದಾಯಿತು, ಹಾಗಾಗಿ ಊರು ಮೇಲೇರದೆ ಅಡ್ಡಡ್ಡ ಬೆಳೆಯಿತು. ಆದರೆ ನೂರು ವರ್ಷ ಕಾಲೇಜಿಗೆ ಹಾಸ್ಟೆಲ್ಲೇ ಇರಲಿಲ್ಲವಲ್ಲ, ಆ ಮಾತನ್ನು ಯಾಕೆ ನುಂಗಿದೆ? ಹುಡುಗರು ಉಂಡು ಮಲಗಿದ್ದು ನಮ್ಮಂಥವರ ಮನೆಗಳಲ್ಲಿ. ಹೊರಗಿನಿಂದ ಹತ್ತುವ ಮೆಟ್ಟಿಲು, ಓದಲು ಬೆಳಕು ಬರಲೆಂದು ಆಳೆತ್ತರದ ಕಿಟಕಿ, ಇದೆಲ್ಲ ಬಾಡಿಗೆಗೆ ಕೊಟ್ಟ ಹೆಂಗಸರು ಗಾರೆಯವರ ಹತ್ತಿರ ನಿಂತು ಹೇಳಿ ಕಟ್ಟಿಸಿಕೊಂಡದ್ದು. ಕಾಲೇಜಿನ ಫಲಕದಲ್ಲಿ ಮಾತ್ರ ದಾನಿಗಳ ಹೆಸರು.

ಅಮ್ಮ ಕೇಳಿದ್ದು ಒಂದೇ ಮಾತು: "ನಾವು ಊಟ ಹಾಕ್ದೇ ಇದ್ದಿದ್ರೆ ನಿನ್ ವಿಶ್ವವಿದ್ಯಾಲಯ ಯಾರಿಗ್ ಪಾಠ ಹೇಳ್ತಿತ್ತೋ?"

ನೀನು ಕೈಗಡಿಯಾರ ನೋಡಿಕೊಂಡೆ. "ಭಾವನೆಯಿಂದ ಊರು ಕಟ್ಟಕ್ಕಾಗಲ್ಲಮ್ಮ" ಎಂದೆ. ಅವಳ ಮುಖ ಕಪ್ಪಿಟ್ಟಿದ್ದು ನಿನಗೆ ಕಾಣಲಿಲ್ಲ, ನಕ್ಷೆ ಸುತ್ತುತ್ತಿದ್ದೆ. ಆ ಸುರುಳಿಯಿಂದಲೇ ನಿನ್ನ ತಲೆಗೊಂದು ಬಿಡಬೇಕು ಅನ್ನಿಸಿತ್ತು ನನಗೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ದರ್ಜಿ ನನ್ನನ್ನು ತಡೆದು ನಿಲ್ಲಿಸಿದ. "ನಿಮ್ಮಣ್ಣಂಗೆ ಬೇರೆ ಬೀದಿ ಸಿಗ್ಲಿಲ್ವಾ?" ಎಂದ. ನಾನು ತಲೆ ತಗ್ಗಿಸಿ ಬಂದೆ. ನಿನ್ನಿಂದಾಗಿ, ಹುಟ್ಟಿದ ಬೀದಿಯಲ್ಲೇ.

ಇನ್ನು ಬರುವುದಾದರೆ ಬರಿಗೈಯಲ್ಲಿ ಬಾ. ನಕ್ಷೆ ಹಿಡಿದು ಬಂದರೆ ಬಾಗಿಲು ತೆಗೆಯುವವಳು ನಾನೇ ಎಂಬುದು ನೆನಪಿರಲಿ.

ಬೇರೆ ದಾರಿಯಿಲ್ಲದೆ ಇನ್ನೂ
ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದಳು. ಈ ಮನೆಯಲ್ಲಿ ಅವಳ ಪಾಲಿನ ಕೆಳಗಿನ ಅಂತಸ್ತನ್ನು ನಿನಗೆ ಬಿಟ್ಟುಕೊಡುತ್ತಾಳಂತೆ. "ಅವ್ನ್ ಕಟ್ಟೋ ಮೊದಲ್ನೇ ದೊಡ್ಡ ಕಟ್ಟಡ ಕಣೇ, ನನ್ನಿಂದ ನಿಲ್ಲೋದ್ ಬೇಡ" ಎಂದು ಅತ್ತಳು. ಮಹಡಿಯನ್ನು ಅಪ್ಪ ನನ್ನ ಹೆಸರಿಗೆ ಬರೆದದ್ದು ನಿನಗೆ ಗೊತ್ತು. ನಾನು ಬಿಡುವುದಿಲ್ಲ. ಮೇಲಿನದನ್ನು ಬೀಳಿಸದೆ ಕೆಳಗಿನದನ್ನು ಕೆಡವುವ ವಿದ್ಯೆಯನ್ನು ನಿಮ್ಮಲ್ಲಿ ಕಲಿಸಿದ್ದರೆ, ನಾಳೆಯೇ ಕೆಲಸ ಶುರು ಮಾಡು.