ಅತ್ತೆ, ಬಕೆಟ್ಟಿಗೆ ಕೈ ಹಾಕುವ ಮೊದಲು

ಅತ್ತೆ,

ಬಚ್ಚಲಿಗೆ ಹೋದ ಕೂಡಲೇ ಕೂಗಾಡಬೇಡಿ. ಬ್ಲೀಚಿಂಗ್ ಪುಡಿ, ಫಿನಾಯಿಲು ಎರಡನ್ನೂ ಮನೆಯಿಂದ ಆಚೆ ಸಾಗಿಸಿದ್ದೇನೆ. ಅಕ್ಕಿ ಡಬ್ಬದ ಹಿಂದೆ ನೀವು ಬಚ್ಚಿಟ್ಟಿದ್ದ ಬಾಟಲಿಯನ್ನೂ ಬಿಟ್ಟಿಲ್ಲ.

"ಮೂಗಿಗೆ ಹೊಡೆಯದಿದ್ದರೆ ಅದೂ ಒಂದು ತೊಳೆಯೋದಾ?" ಅನ್ನುತ್ತೀರಿ. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡು ಒರೆಸಿದವರು ನೀವು, ಹಾಗನ್ನಿಸುವುದು ಸಹಜ. ಆದರೆ ನಿನ್ನೆ ನಾನು ತಂದ ವಿನೆಗರ್ ನೋಡಿ "ಇದಕ್ಕೆ ದಮ್ಮೇ ಇಲ್ಲ" ಅಂತ ಬ್ಲೀಚಿಂಗ್ ಪುಡಿ ಬೆರೆಸಿಬಿಟ್ಟಿರಿ. ಅವೆರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಕಡೆಗೆ ದಮ್ಮು ಕಟ್ಟಿದ್ದು ನಿಮಗೆ. ಮೆಟ್ಟಿಲ ಮೇಲೆ ಕೂತು ನೀವು ಒದ್ದಾಡಿದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಇವತ್ತು ಇಷ್ಟೇ ಮಾಡಿ. ನೆಲ ಒರೆಸಲು ಬಿಸಿನೀರಿಗೆ ಒಂದು ಚಮಚ ಸೋಪಿನ ನೀರು ಹಾಕಿದರೆ ಸಾಕು. ಸಿಂಕಿಗೆ ಅಡುಗೆ ಸೋಡಾ ಉದುರಿಸಿ ಹಳೇ ಬ್ರಶ್ಶಿನಲ್ಲಿ ಉಜ್ಜಿ. ಕನ್ನಡಿಗೆ ವಿನೆಗರ್ ಬೆರೆಸಿದ ನೀರು ನೀಲಿ ಬಾಟಲಿಯಲ್ಲಿದೆ. ನೀವು ಕನ್ನಡಕ ಹಾಕಿಕೊಳ್ಳುವುದಿಲ್ಲವೆಂದು ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಕಿಟಕಿ ತೆರೆದೇ ಇರಲಿ. ಬಚ್ಚಲಿನ ತಂಟೆಗೆ ಹೋಗಬೇಡಿ, ಬಂದು ನಾನೇ ಉಜ್ಜುತ್ತೇನೆ.

ನಿಮ್ಮ ಮಗನಿಗೆ ಫೋನ್ ಮಾಡಿ ಫಿನಾಯಿಲು ತರಿಸುವ ಉಪಾಯವೂ ಬೇಡ. ಅವರಿಗೆ ಆಗಲೇ ತಾಕೀತು ಮಾಡಿದ್ದೇನೆ. ಕದ್ದು ತರಿಸಿದರೂ ನಿಮ್ಮ ಕೆಮ್ಮೇ ನನ್ನ ಹತ್ತಿರ ಚಾಡಿ ಹೇಳುತ್ತದೆ.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಈ ವಿಷಯದಲ್ಲಿ ನಾನು ಸೋಲುವವಳಲ್ಲ. ನೆಲ ಸ್ವಲ್ಪ ಮಾಸಿದ್ದರೆ ಮಾಸಿರಲಿ. ಸಂಜೆ ನಾನು ಬಂದಾಗ ಬಾಯ್ತುಂಬ ಬೈಯುವುದಕ್ಕೆ ನಿಮ್ಮಲ್ಲಿ ಉಸಿರಿರಬೇಕು.