ಎಡ ಅಂಚಿನಲ್ಲಿ ಸುನಿಲ್ಡಾ

ಮಾರ್ಚ್ 8, ಶನಿವಾರ. ಬೆಳಿಗ್ಗೆ

ಎರಡು ಬ್ಯಾಟರಿ ಚಾರ್ಜ್ ಆಗಿವೆ. ಮೂರನೆಯದು ಆಗುತ್ತಿದೆ. ಲೆನ್ಸ್ ಒರೆಸಿದ್ದಾಯಿತು. ಸಂಜೆ ಹುಡುಗಿಯೊಬ್ಬಳ ಹದಿನೈದು ತುಂಬಿದ ಹಬ್ಬ. ಇವತ್ತು ಪರೀಕ್ಷೆ — ನನಗೂ, ನನ್ನ ಹೊಸ ಯಂತ್ರಕ್ಕೂ.

ಯಂತ್ರ ಅಂದರೆ ಭಾರೀ ಏನಲ್ಲ. ನನ್ನ ದೊಡ್ಡ ಕ್ಯಾಮೆರಾ ಹಳೆಯದು, ಫೋಟೊ ಬಿಟ್ಟು ಬೇರೇನೂ ಗೊತ್ತಿಲ್ಲ ಅದಕ್ಕೆ. ಜನಕ್ಕೆ ಈಗ ವಿಡಿಯೊನೂ ಬೇಕು. ವಿಡಿಯೊದವನನ್ನು ಕರೆದುಕೊಂಡು ಹೋದರೆ ಅವನು ಸರಿಯಾಗಿ ವಾಲ್ಟ್ಜ್ ಕುಣಿತದ ಹೊತ್ತಿಗೆ ನನ್ನ ಮುಂದೆ ಬೆನ್ನು ಹಾಕಿ ನಿಲ್ಲುತ್ತಾನೆ. ಸಾಕಾಗಿ ಹೋಗಿತ್ತು. ಕೆಟ್ಟುಹೋದ ಫ್ಲಾಶ್ ಒಂದರ, ಕ್ಯಾಮೆರಾಕ್ಕೆ ಸಿಕ್ಕಿಸುವ ಪಾದ ಗರಗಸದಲ್ಲಿ ಕೊಯ್ದೆ, ತೂತು ಕೊರೆದೆ, ಸ್ಕ್ರೂ ಹಾಕಿದೆ. ಹೆಂಡತಿ ಸುನಿಲ್ಡಾಳ ಪುಟ್ಟ ಜೇಬು ಕ್ಯಾಮೆರಾವನ್ನು ಅದಕ್ಕೆ ತಿರುಗಿಸಿ ಬಿಗಿದೆ. ಅಲುಗಾಡದಂತೆ ನಡುವೆ ಅವಳ ಹಳೇ ಚಪ್ಪಲಿಯ ರಬ್ಬರ್ ಚೂರು. ಈಗ ದೊಡ್ಡದರ ತಲೆಯ ಮೇಲೆ ಚಿಕ್ಕದು ಕೂತಿದೆ. ಗುಂಡಿ ಒತ್ತಿಬಿಟ್ಟರೆ ಅದರ ಪಾಡಿಗೆ ಅದು ವಿಡಿಯೊ, ನನ್ನ ಪಾಡಿಗೆ ನಾನು ಫೋಟೊ.

ಒಂದೇ ತೊಂದರೆ. ಅದು ಕೂತಿರುವುದು ಫ್ಲಾಶ್ ಕೂರುವ ಜಾಗದಲ್ಲಿ. ಹಾಗಾಗಿ ಫ್ಲಾಶನ್ನು ನಾಲ್ಕು ಮೀಟರ್ ತಂತಿಗೆ ಕಟ್ಟಿ ಸುನಿಯ ಕೈಗೆ ಕೊಟ್ಟಿದ್ದೇನೆ. ನನ್ನ ಎಡಗಡೆ, ನಾಲ್ಕು ಹೆಜ್ಜೆ ಮುಂದೆ ನಿಂತು ಮೇಲೆತ್ತಿ ಹಿಡಿಯಬೇಕು, ಅಷ್ಟೆ.

"ಇಪ್ಪತ್ತಾರು ವರ್ಷ ಅಡುಗೆ ಮಾಡಿ ಹಾಕಿದ್ದಕ್ಕೆ ದೀಪದ ಕಂಬ ಮಾಡಿಬಿಟ್ಟೆಯಲ್ಲ, ಮುದುಕಾ" ಅಂದಳು. ಆದರೆ ಖುಷಿಯಾಗಿದ್ದಾಳೆ. ಕರಿ ಉಡುಪು ಇಸ್ತ್ರಿ ಮಾಡಿಕೊಳ್ಳುತ್ತಿದ್ದಾಳೆ.

ಮಾರ್ಚ್ 9

ಮಾನ ಹೋಯಿತು. ಇಪ್ಪತ್ತು ವರ್ಷದ ಅಭ್ಯಾಸ — ನಿಂತಿರುವವರನ್ನು ಕಂಡರೆ ಕೈ ತಾನಾಗಿ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸುತ್ತದೆ. ಅದರ ಜೊತೆ ಮೇಲಿರುವ ಚಿಕ್ಕದೂ ತಿರುಗುತ್ತದಲ್ಲ! ಹದಿನೈದು ತುಂಬಿದ ಹುಡುಗಿ, ಅವಳ ಅಪ್ಪ, ಪಾದ್ರಿ, ಕೇಕು, ಎಲ್ಲ ವಿಡಿಯೊದಲ್ಲಿ ಅಡ್ಡಡ್ಡ ಮಲಗಿದ್ದಾರೆ.

ಸುನಿ ನಕ್ಕು ನಕ್ಕು, ಕುಡಿಯುತ್ತಿದ್ದ ತಣ್ಣನೆಯ ತೆರೆರೆ ಕಷಾಯ ನೆತ್ತಿಗೇರಿಸಿಕೊಂಡಳು. ಮಂಚದ ಮೇಲೆ ಮಗ್ಗುಲಾಗಿ ಮಲಗಿ ನೋಡಬೇಕು ಅಂತ ವಿಡಿಯೊ ಡಬ್ಬಿಯ ಮೇಲೆ ಬರೆದುಕೊಡು ಅಂದಳು. ನನಗೂ ನಗು ಬಂತು. ಇನ್ನು ಮೇಲೆ ಉದ್ದದ ಫೋಟೊ ಇಲ್ಲ. ಎಲ್ಲ ಅಡ್ಡ.

ಏಪ್ರಿಲ್ 13, ಭಾನುವಾರ

ನಾಲ್ಕನೇ ಕಾರ್ಯಕ್ರಮ ಮುಗಿಯಿತು. ಕೈ ಪಳಗಿದೆ. ವಿಯರಿಕಾ ಊರಲ್ಲಿ ಒಬ್ಬನೇ ಎರಡೂ ಕೆಲಸ ಮಾಡುವವನು ನಾನೊಬ್ಬನೇ. ನಿನ್ನೆ ಇಬ್ಬರು ಬಂದು ಚಿಕ್ಕದನ್ನು ಮುಟ್ಟಿ ಮುಟ್ಟಿ ನೋಡಿದರು. ನಾನೇನು ಹೇಳಲಿ, ಹೊಟ್ಟೆ ತುಂಬಿತು.

ದೂರು ಒಂದೇ — ಅದರ ಮೈಕು ನನ್ನ ಬಾಯಿಗೆ ಹತ್ತಿರ. ಹಾಡು, ಭಾಷಣ ಎಲ್ಲದರ ಮೇಲೆ ನನ್ನ ದನಿ: "ಎತ್ತು, ಸುನಿ. ಇನ್ನೂ ಎತ್ತು." ಈಗ ಮೊದಲ ಕೆಲಸವೇ ದನಿ ಪೂರ್ತಿ ತೆಗೆದು ಪೋಲ್ಕಾ ಸಂಗೀತ ಹಾಕಿಬಿಡುವುದು. ಚಿತ್ರದ ನಡುವೆ ಹುಡುಗಿ ಸರಿಯಾಗಿ ಬಂದಿದ್ದಾಳೋ ನೋಡುತ್ತೇನೆ, ಮುಗಿಯಿತು.

ಮೇ 18

ಜಗಳ. ಬೆಳಕೆಲ್ಲ ಕೆಳಗಿನಿಂದ ಬಿದ್ದಿದೆ, ಹೆಂಗಸರ ಗಲ್ಲಗಳೇ ಕಾಣುತ್ತವೆ. ಒಂದು ಫ್ಲಾಶ್ ಎತ್ತಿ ಹಿಡಿಯಲಾಗುವುದಿಲ್ಲವಾ ಅಂದೆ. ತೋಳು ನೋಯುತ್ತೆ ಅಂದಳು. ಮುಲಾಮು ಕೊಟ್ಟೆ. ಹಚ್ಚಿಕೊಂಡು ಮಲಗಿದಳು.

ಕರಿ ಉಡುಪು ಸಡಿಲವಾಗಿದೆ ಅಂದಿದ್ದಕ್ಕೆ, ಈ ವಯಸ್ಸಿನಲ್ಲಿ ತೆಳ್ಳಗಾಗುವ ಯೋಗ ಎಷ್ಟು ಜನಕ್ಕೆ ಬರುತ್ತೆ ಅಂದಳು. ಸರಿ, ಅವಳ ಬಾಯಿ ಮೊದಲಿನ ಹಾಗೇ ಇದೆಯಲ್ಲ.

ಜೂನ್ 15, ಭಾನುವಾರ. ಮಧ್ಯಾಹ್ನ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ನಿನ್ನೆ ನ್ಯಾ ಬ್ಲಾಸಿದಾ ಅನ್ನುವಾಕೆಯ ಮಗಳ ಹದಿನೈದರ ಹಬ್ಬ. ಅಪ್ಪ ಮಗಳ ವಾಲ್ಟ್ಜ್ ನಡೆದಿತ್ತು. ನಾನು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿದ್ದೆ. ಬೆಳಕು ಇಳಿಯಿತು. ಕಣ್ಣು ತೆಗೆಯದೆ ಎತ್ತು ಅಂದೆ. ಮತ್ತೆ ಇಳಿಯಿತು. ಮತ್ತೆ ಅಂದೆ, ಗಟ್ಟಿಯಾಗಿ. ತಂತಿ ಒಮ್ಮೆ ಬಿಗಿಯಾಗಿ ಎಳೆಯಿತು... ತಿರುಗಿದರೆ ಸುನಿ ನೆಲದ ಮೇಲೆ. ಫ್ಲಾಶ್ ಮಾತ್ರ ಎದೆಗವಚಿಕೊಂಡಿದ್ದಾಳೆ, ಒಡೆಯದ ಹಾಗೆ.

ತಂತಿ ಎಡವಿ ಬಿದ್ದಳು ಅಂದರು ಎಲ್ಲರೂ. ಅವಳೂ ಹಾಗೇ ಅಂದಳು. ಮುಖ ಸುಣ್ಣದ ಹಾಗಿತ್ತು.

ಜೂನ್ 17

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ತುಂಬ ಹೊತ್ತು ಒತ್ತಿದರು. ಎಷ್ಟು ದಿನದಿಂದ ನೋವು ಅಂತ ಕೇಳಿದರು. ಒಂದು ವಾರ ಅಂದಳು. ಅವರು ನನ್ನ ಮುಖ ನೋಡಿದರು. ನಾನು ಹೌದು ಅಂದೆ. ನನಗೆ ಗೊತ್ತಿದ್ದರೆ ತಾನೆ?

ಇದು ವಾರದ್ದಲ್ಲ ಅಂದರು. ಅಸುನ್ಸಿಯೋನ್‌ನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಜೂನ್ 18

ಸುನಿ ಮಲಗಿದ್ದಾಗ ಮಾರ್ಚಿನಿಂದ ಮಾಡಿದ ವಿಡಿಯೊಗಳನ್ನೆಲ್ಲ ಹಾಕಿಕೊಂಡು ಕೂತೆ. ಕತ್ತರಿಸದ ಮೂಲಗಳು, ದನಿ ಸಮೇತ. ನನ್ನ ದೊಡ್ಡ ಲೆನ್ಸು ಹುಡುಗಿಯ ಮುಖವನ್ನಷ್ಟೇ ಕಾಣುತ್ತದೆ. ತಲೆಯ ಮೇಲಿನ ಚಿಕ್ಕದು ಇಡೀ ಕೋಣೆಯನ್ನು ಕಾಣುತ್ತದೆ. ಎಡ ಅಂಚಿನಲ್ಲಿ, ಪ್ರತಿಯೊಂದರಲ್ಲೂ, ಸುನಿ ಇದ್ದಾಳೆ. ಇಷ್ಟು ದಿನ ಆ ಕಡೆ ಕಣ್ಣೇ ಹಾಯಿಸಿರಲಿಲ್ಲ ನಾನು.

ಮಾರ್ಚಿನಲ್ಲಿ ಕೈ ನೆಟ್ಟಗೆ. ಹಾಡಿಗೆ ತೂಗುತ್ತಾಳೆ. ಮೇಜಿನ ಬಳಿಯ ಮಗುವಿಗೆ ನಾಲಿಗೆ ಚಾಚಿ ಅಣಕಿಸುತ್ತಾಳೆ.

ಏಪ್ರಿಲ್ ಮೊದಲನೆಯದರಲ್ಲಿ ಕೈ ಬದಲಿಸುತ್ತಾಳೆ. ಒಂದೇ ಗಂಟೆಯಲ್ಲಿ ಹನ್ನೊಂದು ಸಲ. ಕೊನೆಯದರಲ್ಲಿ ಕಂಬಕ್ಕೆ ಒರಗಿದ್ದಾಳೆ.

ಮೇ... ಒಂದು ಕೈಯಲ್ಲಿ ಫ್ಲಾಶು, ಇನ್ನೊಂದರ ಮುಷ್ಟಿ ಪಕ್ಕೆಲುಬಿನ ಕೆಳಗೆ ಒತ್ತಿಕೊಂಡಿದೆ. ಕಣ್ಣು ಮುಚ್ಚಿದ್ದಾಳೆ. ಆಗ ನನ್ನ ದನಿ: "ಎತ್ತು." ತಕ್ಷಣ ಮುಷ್ಟಿ ಬಿಡುತ್ತಾಳೆ, ಎರಡೂ ಕೈಯಲ್ಲಿ ಎತ್ತುತ್ತಾಳೆ, ನನ್ನ ಕಡೆ ತಿರುಗಿ ನಗುತ್ತಾಳೆ. ಪ್ರತಿ ಸಲವೂ ನಗುತ್ತಾಳೆ. ನಾನು ನೋಡಲಿಲ್ಲ. ನನ್ನ ತಲೆಗಿಂತ ಒಂದು ಗೇಣು ಮೇಲೆ ಕೂತಿದ್ದ ಆ ಡಬ್ಬಿ ಎಲ್ಲವನ್ನೂ ನೋಡಿತು.

ಸ್ಕ್ರೂ ಕಳಚಿ ಚಿಕ್ಕದನ್ನು ಡ್ರಾಯರಿಗೆ ಹಾಕಿದೆ. ನನ್ನ ಕೈಯಾರೆ ಅವಳನ್ನು ನಿಲ್ಲಿಸಿದೆ, ಒಂದೊಂದು ಸಲ ಐದೈದು ಗಂಟೆ.

ಜೂನ್ 20

ಕೇಳಿಯೇಬಿಟ್ಟೆ. ಬೆಳಗಿನ ಬಿಸಿ ಮಾತೆ ಎಲೆಯ ಕಷಾಯ ಕುಡಿಯುತ್ತಿದ್ದಳು, ಬಿಸಿಲಿಗೆ ಕುರ್ಚಿ ಹಾಕಿಕೊಂಡು. ಏಪ್ರಿಲ್‌ನಿಂದ ನೋಯುತ್ತಿತ್ತು, ಯಾಕೆ ಹೇಳಲಿಲ್ಲ ಅಂದೆ. ನಿಂಗ್ಯಾರು ಹೇಳಿದ್ದು ಅಂದಳು. ನೋಡಿದೆ ಅಂದೆ. ಎಲ್ಲಿ ಅಂತ ಅವಳಿಗೆ ಗೊತ್ತಾಯಿತು.

ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಹೇಳಿದ್ರೆ ನೀನು ಆ ಚಿಕ್ಕದನ್ನ ಇಳಿಸಿಬಿಡ್ತಿದ್ದೆ. ಎಷ್ಟು ವರ್ಷ ಆಗಿತ್ತೋ ನೀನು ಅಷ್ಟು ಖುಷಿಯಾಗಿ ಮನೆಗೆ ಬಂದು... ದಾರಿಯುದ್ದಕ್ಕೂ ಮಾತಾಡ್ತಿದ್ದೆ, ಮುದುಕಾ. ಕಾರಲ್ಲಿ ಕೂತು ಕೇಳೋಕೆ ಚೆನ್ನಾಗಿರ್ತಿತ್ತು."

ಅಷ್ಟಕ್ಕೇನಾ ಅಂದೆ. ಅಷ್ಟು ಸಾಕಲ್ಲ ಅಂದಳು. ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋದೆ. ಹಿತ್ತಲಲ್ಲಿ ಬಟ್ಟೆ ಏನೂ ಇರಲಿಲ್ಲ.

ಜುಲೈ 6. ಅಸುನ್ಸಿಯೋನ್

ಹೊಟ್ಟೆ ತೆರೆದರು. ಎಲ್ಲ ಕಡೆ ಹರಡಿದೆ, ಹಾಗೇ ಮುಚ್ಚಿದರು. ಏಪ್ರಿಲ್‌ನಲ್ಲೇ ಬಂದಿದ್ದರೆ ಅಂತ ಕೇಳಿದೆ. ಡಾಕ್ಟರು ಹೇಳಲು ಬರುವುದಿಲ್ಲ ಅಂದರು. ಒಳ್ಳೆಯ ಮನುಷ್ಯ.

ಜುಲೈ 29

ಬೆಳಿಗ್ಗೆ 6.40.

ಆಗಸ್ಟ್ 8

ಸುನಿಯ ಆತ್ಮಕ್ಕಾಗಿ ಒಂಬತ್ತು ದಿನದ ಜಪಮಾಲೆ ಪ್ರಾರ್ಥನೆ ನಿನ್ನೆ ಮುಗಿಯಿತು. ಸುನಿಯ ತಂಗಿ ನಿಮಿಯಾ ಬಂದವರಿಗೆಲ್ಲ ಚಿಪಾ ರೊಟ್ಟಿ ಹಂಚಿದಳು. ಇಷ್ಟು ಜನ ಬರುತ್ತಾರೆ ಅಂತ ಗೊತ್ತಿರಲಿಲ್ಲ. ಎಷ್ಟೋ ಮದುವೆಗಳಲ್ಲಿ ಅವಳು ಯಾರ್ಯಾರ ಜೊತೆ ಮಾತಾಡಿಕೊಂಡಿದ್ದಳೋ. ಅದನ್ನೂ ನಾನು ನೋಡಿರಲಿಲ್ಲ.

ನಿಮಿಯಾ ಹೊರಡುವಾಗ, ಭಾವಾ, ಒಂದು ಹೊತ್ತಾದರೂ ಅಡುಗೆ ಮಾಡಿಕೊಳ್ಳಿ ಅಂದಳು. ಹೂಂ ಅಂದೆ. ಮರಗೆಣಸು ಬೇಯಿಸಿದೆ, ಇಬ್ಬರಿಗಾಗುವಷ್ಟು. ಕೈಗೆ ಇನ್ನೂ ತಿಳಿದಿಲ್ಲ.

ಆಗಸ್ಟ್ 23, ಶನಿವಾರ

ನ್ಯಾ ಬ್ಲಾಸಿದಾ ಬಂದಿದ್ದಳು. ಜೂನ್ ವಿಡಿಯೊ ಇನ್ನೂ ಸಿದ್ಧ ಮಾಡಿ ಕೊಟ್ಟಿಲ್ಲ ನಾನು. ಹೋದ ವಾರ ನೋಡಲು ಅಂತ ಮೂಲವನ್ನೇ ಹಾಗೇ ಕಳಿಸಿದ್ದೆ. ಕೆಲಸ ಮಾಡುವ ಶಕ್ತಿ ಇರಲಿಲ್ಲ.

ಮೊದಲು ಸುನಿಯ ಬಗ್ಗೆ ಮಾತಾಡಿದಳು, ಒಳ್ಳೆಯ ಮಾತು. ಅತ್ತಳು ಕೂಡ. ಕೈಚೀಲದ ಹಿಡಿಕೆ ತಿರುಚುತ್ತಾ ಕೂತಳು. ಏನೋ ಕೇಳಲಿಕ್ಕಿದೆ ಅಂತ ಗೊತ್ತಾಯಿತು. ಕೇಳಿ ಅಂದೆ.

"ತಪ್ಪು ತಿಳ್ಕೋಬೇಡಿ ದೋನ್ ಲಿಬ್ರಾದೊ. ಆ ಮೂಲೇಲಿ ಅವ್ರು ನಿಂತಿದಾರಲ್ಲ... ನಮ್ ಹುಡುಗಿ ನೋಡಿದಾಗೆಲ್ಲ ಅಳ್ತಾಳೆ. ನನ್ ಹಬ್ಬದಲ್ಲೇ ಬಿದ್ರು, ನಮ್ಮಿಂದಲೇ ಅಂತಾಳೆ. ಹದಿನೈದು ಬರೋದು ಒಂದೇ ಸಲ. ಅವ್ರನ್ನ ಮಾತ್ರ ತೆಗೆದುಕೊಡೋಕಾಗುತ್ತಾ?"

ಹುಡುಗಿಯಿಂದಲ್ಲ ಅಂತ ಹೇಳಿ ಅವಳಿಗೆ ಅಂದೆ. ಯಾರಿಂದ ಅಂತ ಹೇಳಲಿಲ್ಲ. ತೆಗೆದುಕೊಡುತ್ತೇನೆ, ಮಂಗಳವಾರ ಬನ್ನಿ ಅಂದೆ. ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 26, ಮಂಗಳವಾರ. ಬೆಳಿಗ್ಗೆ 10

ಕಷ್ಟದ ಕೆಲಸವಲ್ಲ. ಚಿತ್ರವನ್ನು ಒಂದಿಷ್ಟು ಹಿಗ್ಗಿಸಿ ಚೌಕಟ್ಟನ್ನು ಬಲಕ್ಕೆ ಸರಿಸಿದರೆ ಎಡ ಅಂಚು ಆಚೆ ಉಳಿಯುತ್ತದೆ. ಹುಡುಗಿ ನಡುವಿಗೆ ಬರುತ್ತಾಳೆ, ಚೆನ್ನಾಗಿಯೇ ಕಾಣುತ್ತಾಳೆ. ಮೂಲ ನನ್ನ ಹತ್ತಿರ ಇರುತ್ತದೆ, ಗೊತ್ತು. ಗೊತ್ತಿದ್ದೂ ಬೆಳಿಗ್ಗೆ ಆರರಿಂದ ಬರೀ ಹದಿನೆಂಟು ನಿಮಿಷದಷ್ಟು ಮುಗಿದಿದೆ.

ಮೊದಲ ಸಲ ದನಿ ತೆಗೆಯದೆ ಕೆಲಸ ಮಾಡುತ್ತಿದ್ದೇನೆ. ನಾನು ಎತ್ತು ಅನ್ನುತ್ತೇನೆ, ಅವಳು ಎತ್ತುತ್ತಾಳೆ. ನಾನು ಸರಿಸುತ್ತೇನೆ.

ಹನ್ನೊಂದಕ್ಕೆ ನ್ಯಾ ಬ್ಲಾಸಿದಾ ಬರುತ್ತಾಳೆ. ಉಳಿದಿರುವುದು ವಾಲ್ಟ್ಜ್. ಅಪ್ಪ ಮಗಳ ಕೈ ಹಿಡಿದ. ಸುನಿ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾಳೆ, ಈ ಕಡೆ ತಿರುಗಿದ್ದಾಳೆ. ಸರಿಸಿದೆ. ಮೊಣಕೈ ಹೋಯಿತು. ಭುಜ ಹೋಯಿತು. ಇನ್ನೊಂದು ಕೂದಲೆಳೆಯಷ್ಟು ಸರಿಸಿದರೆ ಮುಖ —